ಪಿಂಗ್ ಬರೆದ ಮೈಕ್ ಮೂಸ್



ಈ ವರ್ಷ ಮಿಡ್ ಟರ್ಮ್ ಪರೀಕ್ಷೆ ಮುಗಿದ ಮರುವಾರ ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಒಂದು ಘಟನೆ ನಡೆಯಿತು. ಲ್ಯಾಬ್‌ನಲ್ಲಿ ನಾವು ಬರೆಯುವ ಪ್ರೋಗ್ರಾಂಗಳು, ಪ್ರಾಜೆಕ್ಟ್ ಫೈಲುಗಳು, ಈ ವಾರ್ತಾಪತ್ರಿಕೆಯ ಪುಟಗಳು ಎಲ್ಲವೂ ಒಂದೇ ಕಡೆ, ಮೂಲೆಯಲ್ಲಿರುವ ಸರ್ವರ್ ಕಂಪ್ಯೂಟರಿನಲ್ಲಿ ಇರುತ್ತವೆ. ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ಝಡ್ ಎಂಬ ಡ್ರೈವ್ ತೆರೆದರೆ ಸಾಕು, ನಮ್ಮ ಫೋಲ್ಡರ್ ಸಿಗುತ್ತದೆ. ಆ ದಿನ ಬೆಳಿಗ್ಗೆ ಕಿಟಕಿ ಬದಿಯ ಸಾಲಿನ ಕಂಪ್ಯೂಟರ್‌ಗಳಲ್ಲಿ ಝಡ್ ಡ್ರೈವ್ ಮೇಲೆ ಕೆಂಪು ಗುರುತು ಬಿದ್ದಿತ್ತು. ಎಷ್ಟು ಸಲ ಕ್ಲಿಕ್ ಮಾಡಿದರೂ ನೆಟ್‌ವರ್ಕ್ ದಾರಿ ಸಿಗುತ್ತಿಲ್ಲ ಎಂಬ ಒಂದೇ ಸಂದೇಶ. ಮಧ್ಯಾಹ್ನದೊಳಗೆ ಪ್ರಾಜೆಕ್ಟ್ ತೋರಿಸಬೇಕಿತ್ತು.

ಹಿಂದಿನ ಸಂಜೆ ಆ ಸಾಲಿನಲ್ಲಿ ಕೊನೆಗೆ ಕುಳಿತಿದ್ದವನು ಪ್ರಥಮ ಪಿಯುಸಿಯ ಒಬ್ಬ ಹುಡುಗ. ಅವನೇ ಏನೋ ಸೆಟ್ಟಿಂಗ್ ಬದಲಿಸಿರಬೇಕು ಎಂದು ಯಾರೋ ಹೇಳಿದರು. ಉಳಿದವರೂ ತಲೆಯಾಡಿಸಿದೆವು. ಅವರಲ್ಲಿ ನಾನೂ ಒಬ್ಬಳು. ತಾನು ಏನನ್ನೂ ಮುಟ್ಟಿಲ್ಲ ಎಂದು ಅವನು ಎರಡು ಸಲ ಹೇಳಿದ. ಯಾರೂ ಕೇಳಲಿಲ್ಲ. ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತ.

ಆಮೇಲೆ ಲ್ಯಾಬ್ ಸರ್ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ ಒತ್ತಿ, ಮುಂದೆ ಒಂದು ಸಂಖ್ಯೆ ಬರೆದು ಎಂಟರ್ ಹೊಡೆದರು. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಎದ್ದು ಸೀದಾ ಮೇಜಿನ ಕೆಳಗೆ ಬಗ್ಗಿದರು. ಅಲ್ಲಿ ಏನು ಸಿಕ್ಕಿತು ಎಂಬುದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ನಾಲ್ಕಕ್ಷರದ ಪದವನ್ನು ನಮಗೆ ಕೊಟ್ಟವರ ಕಥೆ ಕೇಳಿ. ಅವರ ಹೆಸರು ಮೈಕೆಲ್ ಜಾನ್ ಮೂಸ್. ಗೆಳೆಯರಿಗೆ ಮೈಕ್ ಮೂಸ್.

ಮಾರ್ದನಿಯ ಪಾಠ

ಮೈಕ್ ಮೂಸ್ ಹುಟ್ಟಿದ್ದು 1958ರ ಅಕ್ಟೋಬರ್ 16ರಂದು. ಅಮೆರಿಕದ ಅಯೋವಾ ರಾಜ್ಯದ ಅಯೋವಾ ಸಿಟಿ ಅವರ ಊರು. ಉನ್ನತ ವ್ಯಾಸಂಗಕ್ಕೆ ಅವರು ಸೇರಿದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಓದುವಾಗ ಸೋನಾರ್ ಮತ್ತು ರೇಡಾರ್ ವ್ಯವಸ್ಥೆಗಳ ಲೆಕ್ಕಾಚಾರದ ಮಾದರಿಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವ ಕೆಲಸವನ್ನು ಸಾಕಷ್ಟು ಮಾಡಿದರು. ಮುಂದೆ ಅವರಿಗೆ ಹೆಸರು ತಂದ ಕೆಲಸದ ಬೀಜ ಇದರಲ್ಲೇ ಇತ್ತು.

ಸೋನಾರ್ ಎಂದರೇನು ಎಂಬುದನ್ನು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಗುಡ್ಡದ ಎದುರು ನಿಂತು ಕೂಗಿದರೆ ಸ್ವಲ್ಪ ಹೊತ್ತಿಗೆ ನಮ್ಮ ಕೂಗೇ ಮರಳಿ ಕೇಳುತ್ತದೆ. ಗುಡ್ಡ ಹತ್ತಿರವಿದ್ದರೆ ಬೇಗ, ದೂರವಿದ್ದರೆ ತಡವಾಗಿ. ಜಲಾಂತರ್ಗಾಮಿ ಹಡಗು ಮಾಡುವುದೂ ಇದನ್ನೇ. ಸಮುದ್ರದೊಳಗೆ ಒಂದು ಶಬ್ದ ಹೊರಡಿಸುತ್ತದೆ. ಅದು ಎದುರಿಗಿರುವ ಹಡಗಿಗೋ ಬಂಡೆಗೋ ತಾಗಿ ಮರಳುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಮರಳಿ ಬರಲು ಎರಡು ಸೆಕೆಂಡ್ ಹಿಡಿದರೆ, ಹೋಗಲು ಒಂದು, ಬರಲು ಒಂದು. ಅಂದರೆ ಎದುರಿಗಿರುವುದು 1500 ಮೀಟರ್ ದೂರದಲ್ಲಿದೆ. ಕಣ್ಣಿಗೆ ಏನೂ ಕಾಣದ ಕತ್ತಲ ನೀರಿನಲ್ಲಿ ಏನಾದರೂ ಇದೆಯೇ, ಇದ್ದರೆ ಎಷ್ಟು ದೂರ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಕೂಗಿನಿಂದ ಉತ್ತರ ಸಿಗುತ್ತದೆ. ಸೋನಾರ್ ಹೊರಡಿಸುವ ಆ ಶಬ್ದವನ್ನೇ ಇಂಗ್ಲಿಷಿನಲ್ಲಿ ಪಿಂಗ್ ಎನ್ನುತ್ತಾರೆ.

ಎನಿಯಾಕ್ ಇದ್ದ ಪ್ರಯೋಗಾಲಯದಲ್ಲಿ

ಪದವಿ ಮುಗಿಸಿದ ಮೂಸ್ ಅವರು ಕೆಲಸಕ್ಕೆ ಸೇರಿದ್ದು ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಗೆ. ಇದು ಅಮೆರಿಕದ ಭೂಸೇನೆಯ ಸಂಶೋಧನಾಲಯ. ಫಿರಂಗಿಯಿಂದ ಹಾರಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅದರ ಹಳೆಯ ಕೆಲಸ. ಆ ಲೆಕ್ಕ ಕೈಯಲ್ಲಿ ಮಾಡಿ ಮುಗಿಯದಷ್ಟು ದೊಡ್ಡದಾದಾಗ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಪ್ರಯೋಗಾಲಯಕ್ಕಾಗಿಯೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಯಂತ್ರ ಕಟ್ಟಿದರು. ನಮ್ಮ ಪಠ್ಯದಲ್ಲಿ ಮೊದಲ ತಲೆಮಾರಿನ ಕಂಪ್ಯೂಟರ್ ಎಂದು ಓದುವ, ಸುಮಾರು 18,000 ನಿರ್ವಾತ ನಳಿಕೆಗಳಿದ್ದ ಎನಿಯಾಕ್ ಅದೇ. 1946ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು, 1947ರಲ್ಲಿ ಅಬರ್ಡೀನ್‌ಗೆ ಸಾಗಿಸಿದರು, 1955ರ ಅಕ್ಟೋಬರ್ 2ರವರೆಗೆ ಅದು ಅಲ್ಲಿ ದುಡಿಯಿತು.

ಮೂಸ್ ಅಲ್ಲಿಗೆ ಬರುವ ಹೊತ್ತಿಗೆ ಸಮಸ್ಯೆ ಬೇರೆಯಾಗಿತ್ತು. ಒಂದೇ ದೊಡ್ಡ ಯಂತ್ರದ ಕಾಲ ಮುಗಿದು ಹಲವು ಯಂತ್ರಗಳ ಕಾಲ ಬಂದಿತ್ತು. ಒಂದರಲ್ಲಿರುವ ಫೈಲ್ ಇನ್ನೊಂದಕ್ಕೆ ಬೇಕು, ಒಂದು ಊರಿನ ಕಂಪ್ಯೂಟರಿನಿಂದ ಇನ್ನೊಂದು ಊರಿನದನ್ನು ಬಳಸಬೇಕು. 1969ರಲ್ಲಿ ನಾಲ್ಕು ಯಂತ್ರಗಳಿಂದ ಶುರುವಾಗಿದ್ದ ಆರ್ಪಾನೆಟ್ ಎಂಬ ಜಾಲ ಬೆಳೆಯುತ್ತಿತ್ತು. ಅದರ ಹಳೆಯ ನಿಯಮಗಳು ಸಾಲದೆ ಟಿಸಿಪಿ/ಐಪಿ ಎಂಬ ಹೊಸ ನಿಯಮಾವಳಿ ಸಿದ್ಧವಾಗಿ, 1983ರ ಜನವರಿ 1ರಂದು ಇಡೀ ಜಾಲ ಅದಕ್ಕೆ ಬದಲಾಯಿತು. ಇಂದಿನ ಇಂಟರ್ನೆಟ್ ನಡೆಯುವುದು ಅದೇ ಅಡಿಪಾಯದ ಮೇಲೆ.

ಈ ಬದಲಾವಣೆಯ ದಿನಗಳಲ್ಲಿ ಹೊಸ ನಿಯಮಗಳನ್ನು ಸರಿಯಾಗಿ ಅರಿತವರು ಕಡಿಮೆ, ಗೊಂದಲ ಹೆಚ್ಚು. ಮೂಸ್ ಆಗ ಟಿಸಿಪಿ-ಐಪಿ ಡೈಜೆಸ್ಟ್ ಎಂಬ ಮಿಂಚಂಚೆ ಪತ್ರಿಕೆಯನ್ನು ಸಂಪಾದಿಸುತ್ತಿದ್ದರು. ಬೇರೆ ಬೇರೆ ಕಡೆಯ ತಂತ್ರಜ್ಞರು ಕಳಿಸಿದ ಪ್ರಶ್ನೆ, ಅನುಭವ, ಸುದ್ದಿಗಳನ್ನು ಜೋಡಿಸಿ ಎಲ್ಲರಿಗೂ ಹಂಚುವ ಕೆಲಸ. ನಮ್ಮ ಈ ವಾರ್ತಾಪತ್ರಿಕೆಯ ಬಳಗ ಮಾಡುವಂಥದ್ದೇ. ತಾನು ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳದ ಸ್ವಭಾವ ಅವರಲ್ಲಿ ಆಗಲೇ ಇತ್ತು.

ನಮಗೆ ಗೊತ್ತಿಲ್ಲದೆ ದಿನವೂ ಬಳಸುವ ಇನ್ನೊಂದು ಕಲ್ಪನೆಯೂ ಅವರದೇ. ಲ್ಯಾಬ್‌ನಲ್ಲಿ ಐಪಿಕಾನ್ಫಿಗ್ ಎಂದು ಒತ್ತಿದರೆ ಕೊನೆಯಲ್ಲಿ ಡೀಫಾಲ್ಟ್ ಗೇಟ್‌ವೇ ಎಂಬ ಸಾಲು ಬರುತ್ತದಲ್ಲವೇ? ಜಗತ್ತಿನ ಎಲ್ಲ ಜಾಲಗಳ ದಾರಿಯನ್ನು ಒಂದೊಂದು ಕಂಪ್ಯೂಟರೂ ನೆನಪಿಟ್ಟುಕೊಳ್ಳಲು ಸಾಧ್ಯವಿಲ್ಲ. ಪತ್ರವನ್ನು ದೆಹಲಿಗೆ ಯಾವ ರೈಲಿನಲ್ಲಿ ಕಳಿಸಬೇಕು ಎಂದು ನಾವು ಯೋಚಿಸುತ್ತೇವೆಯೇ? ಊರಿನ ಅಂಚೆ ಡಬ್ಬಕ್ಕೆ ಹಾಕುತ್ತೇವೆ, ಮುಂದಿನದನ್ನು ಅಂಚೆ ಇಲಾಖೆ ನೋಡಿಕೊಳ್ಳುತ್ತದೆ. ಹಾಗೆಯೇ, ದಾರಿ ಗೊತ್ತಿಲ್ಲದ ವಿಳಾಸ ಯಾವುದಿದ್ದರೂ ಈ ಒಂದು ಬಾಗಿಲಿಗೆ ಕೊಡು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡುವುದು ಡೀಫಾಲ್ಟ್ ಗೇಟ್‌ವೇ.

1983ರ ಡಿಸೆಂಬರಿನ ಒಂದು ರಾತ್ರಿ

1983ರ ಜುಲೈ ತಿಂಗಳಲ್ಲಿ ನಾರ್ವೆ ದೇಶದಲ್ಲಿ ಜಾಲ ಸಂಶೋಧಕರ ಒಂದು ಸಭೆ ನಡೆಯಿತು. ಮೂಸ್ ಹೋಗಿದ್ದರು. ಅಲ್ಲಿ ಡೇವಿಡ್ ಮಿಲ್ಸ್ ಎಂಬ ವಿಜ್ಞಾನಿಯೂ ಇದ್ದರು. ಮುಂದೆ ಜಗತ್ತಿನ ಕಂಪ್ಯೂಟರ್‌ಗಳ ಗಡಿಯಾರಗಳನ್ನೆಲ್ಲ ಒಂದೇ ಸಮಯಕ್ಕೆ ಹೊಂದಿಸುವ ವ್ಯವಸ್ಥೆ ರೂಪಿಸಿದವರು ಅವರೇ. ಮಾತಿನ ನಡುವೆ ಮಿಲ್ಸ್ ತಾವು ಮಾಡಿದ ಒಂದು ಪ್ರಯೋಗದ ವಿಷಯ ಹೇಳಿದರು. ಜಾಲದ ನಿಯಮಾವಳಿಯಲ್ಲಿ ಐಸಿಎಂಪಿ ಎಂಬ ಒಂದು ಭಾಗವಿದೆ. ಜಾನ್ ಪೋಸ್ಟೆಲ್ ಎಂಬವರು 1981ರ ಸೆಪ್ಟೆಂಬರಿನಲ್ಲಿ ಬರೆದ ಆ ನಿಯಮದ ಪ್ರಕಾರ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಎಕೋ ಎಂಬ ಪುಟ್ಟ ಸಂದೇಶ ಕಳಿಸಬಹುದು. ಪಡೆದವರು ಅದನ್ನು ಇದ್ದ ಹಾಗೆಯೇ ಮರಳಿಸಬೇಕು. ಆ ಸಂದೇಶ ಹೋಗಿ ಬರುವ ಸಮಯ ಅಳೆದರೆ ದಾರಿಯ ವಿಳಂಬ ತಿಳಿಯುತ್ತದೆ ಎಂಬುದು ಮಿಲ್ಸ್ ಅವರ ಮಾತಿನ ಸಾರ. ಬಹಳ ಹೊತ್ತಿನ ಚರ್ಚೆಯೇನೂ ಅಲ್ಲ, ಹಾಗೇ ಬಂದು ಹೋದ ಮಾತು. ಮೂಸ್ ಅದನ್ನು ಮರೆಯಲಿಲ್ಲ.

ಐದು ತಿಂಗಳ ನಂತರ, ಡಿಸೆಂಬರಿನಲ್ಲಿ, ಅಬರ್ಡೀನ್ ಪ್ರಯೋಗಾಲಯದ ಜಾಲ ವಿಚಿತ್ರವಾಗಿ ವರ್ತಿಸತೊಡಗಿತು. ದೋಷ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ನೆಟ್‌ವರ್ಕ್ ಕೆಟ್ಟಾಗ ಇರುವ ಕಷ್ಟವೇ ಇದು. ಬಲ್ಬ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಫ್ಯಾನ್ ಕೆಟ್ಟರೆ ಸದ್ದು ಬರುತ್ತದೆ. ಜಾಲ ಕೆಟ್ಟರೆ ಮೌನ ಮಾತ್ರ. ಆ ಮೌನಕ್ಕೆ ನಮ್ಮ ಯಂತ್ರ ಕಾರಣವೋ, ಎದುರಿನ ಯಂತ್ರವೋ, ನಡುವಿನ ತಂತಿಯೋ, ಯಾರು ಹೇಳಬೇಕು?

ಮೂಸ್ ಅವರಿಗೆ ಆಗ 25 ವರ್ಷ. ಮಿಲ್ಸ್ ಹೇಳಿದ ಮಾತು ನೆನಪಾಯಿತು, ಕಾಲೇಜಿನ ಸೋನಾರ್ ನೆನಪಾಯಿತು. ಎರಡೂ ಒಂದೇ ತತ್ವ. ಕತ್ತಲ ಸಮುದ್ರದ ಜಾಗದಲ್ಲಿ ಈಗ ಕಾಣದ ಜಾಲ. ಕೂಡಲೇ ಕುಳಿತು ಪ್ರೋಗ್ರಾಂ ಬರೆಯತೊಡಗಿದರು. ಎಕೋ ಸಂದೇಶ ಕಳಿಸು, ಕಳಿಸಿದ ಸಮಯ ಬರೆದಿಡು, ಉತ್ತರಕ್ಕೆ ಕಾಯು, ಬಂದರೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಪರದೆಯ ಮೇಲೆ ತೋರಿಸು. ಇಷ್ಟೇ ಅದರ ಕೆಲಸ. ಪ್ರೋಗ್ರಾಂ ಯಾವ ತಪ್ಪೂ ಇಲ್ಲದೆ ಕಂಪೈಲ್ ಆಯಿತು. ಆದರೆ ಓಡಲಿಲ್ಲ.

ಕಾರಣ ಹುಡುಕಿದರೆ, ತಪ್ಪು ಅವರ ಪ್ರೋಗ್ರಾಂನಲ್ಲಿ ಇರಲಿಲ್ಲ. ಅವರು ಬಳಸುತ್ತಿದ್ದ ಬರ್ಕ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಒಳಭಾಗದಲ್ಲಿ, ಅಂದರೆ ಕರ್ನಲ್‌ನಲ್ಲಿ, ಇಂಥ ಸಂದೇಶವನ್ನು ನೇರವಾಗಿ ಕಳಿಸುವ ಸೌಲಭ್ಯವೇ ಇರಲಿಲ್ಲ. ಬೇರೆಯವರಾಗಿದ್ದರೆ ನಾಳೆ ನೋಡೋಣ ಎಂದು ಮನೆಗೆ ಹೋಗುತ್ತಿದ್ದರೇನೋ. ಮೂಸ್ ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕರ್ನಲ್ ಒಳಗಿನ ಭಾಗವನ್ನೂ ತಾವೇ ಬರೆದರು. ಸೂರ್ಯ ಹುಟ್ಟುವುದಕ್ಕೆ ಬಹಳ ಮುಂಚೆಯೇ ಎಲ್ಲವೂ ಸರಿಯಾಗಿ ಓಡತೊಡಗಿತು. ಸುಮಾರು 1000 ಸಾಲುಗಳ ಆ ಪ್ರೋಗ್ರಾಂಗೆ ಸೋನಾರ್ ಶಬ್ದದ ಹೆಸರನ್ನೇ ಇಟ್ಟರು. ಅದೇ ಪಿಂಗ್.

ಇಲ್ಲಿ ಒಂದು ತಮಾಷೆಯಿದೆ. ಮೂಸ್ ತಮ್ಮ ಮೊಟ್ಟಮೊದಲ ಪಿಂಗ್ ಸಂದೇಶ ಕಳಿಸುವಷ್ಟರಲ್ಲಿ ಅವರ ಸಹೋದ್ಯೋಗಿಯೊಬ್ಬರು ಜಾಲದ ಯಂತ್ರಭಾಗದಲ್ಲಿದ್ದ ದೋಷ ಹುಡುಕಿ ಸರಿಪಡಿಸಿಬಿಟ್ಟಿದ್ದರು! ಯಾವ ದೋಷ ಹುಡುಕಲು ಪಿಂಗ್ ಹುಟ್ಟಿತೋ ಆ ದೋಷಕ್ಕೆ ಅದು ಬೇಕಾಗಲೇ ಇಲ್ಲ. ರಾತ್ರಿಯ ನಿದ್ದೆ ಕೆಡಿಸಿಕೊಂಡು ಮಾಡಿದ ಕೆಲಸ ಬೆಳಗಾಗುವಷ್ಟರಲ್ಲಿ ವ್ಯರ್ಥ ಎನಿಸಿದ್ದರೂ ಆಶ್ಚರ್ಯವಿರಲಿಲ್ಲ. ಆದರೆ ಮೂಸ್ ಅದನ್ನು ಎಸೆಯಲಿಲ್ಲ.

ಎಲ್ಲರ ಕೈಗೂ ಬಂದ ಉಪಕರಣ

ಪಿಂಗ್ ಮತ್ತು ಕರ್ನಲ್ ತಿದ್ದುಪಡಿ ಎರಡನ್ನೂ ಮೂಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಕೊಟ್ಟರು. ಅವರು ಸಂತೋಷದಿಂದ ತೆಗೆದುಕೊಂಡು ತಮ್ಮ ಯೂನಿಕ್ಸ್‌ನಲ್ಲಿ ಸೇರಿಸಿದರು. ಪಿಂಗ್‌ಗೆ ಬೆಲೆ ಇರಲಿಲ್ಲ, ಯಾರು ಬೇಕಾದರೂ ಬಳಸಬಹುದಿತ್ತು. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹರಡುತ್ತ ಹೋಯಿತು. ವಿಂಡೋಸ್ 95ಕ್ಕೂ ಬಂತು. ಇಂದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಅದು ಮೊದಲೇ ಇರುತ್ತದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ಹತ್ತು ವರ್ಷಗಳ ನಂತರ, 1993ರಲ್ಲಿ, ಯೂಸ್‌ನಿಕ್ಸ್ ಎಂಬ ತಂತ್ರಜ್ಞರ ಸಂಘ ಬರ್ಕ್ಲಿ ತಂಡಕ್ಕೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಾಗ ಅದರಲ್ಲಿ ಪಾಲುಗೊಂಡವರೆಂದು ಮೂಸ್ ಅವರನ್ನೂ ಗೌರವಿಸಿತು.

ತಮ್ಮ ಜೀವನದ ಅತ್ಯಂತ ಪ್ರಸಿದ್ಧ ಕೆಲಸ ಇದೇ ಆಗುತ್ತದೆಂದು ಮೊದಲೇ ಗೊತ್ತಿದ್ದರೆ ಇನ್ನೂ ಒಂದೆರಡು ದಿನ ಕುಳಿತು ಹೆಚ್ಚಿನ ಸೌಲಭ್ಯಗಳನ್ನು ಸೇರಿಸುತ್ತಿದ್ದೆ ಎಂದು ಅವರು ಮುಂದೆ ನಗುತ್ತ ಬರೆದುಕೊಂಡಿದ್ದಾರೆ.

ಪಿಂಗ್ ಬಗ್ಗೆ ತಾವು ಕೇಳಿದ ಅತ್ಯುತ್ತಮ ಕಥೆ ಎಂದು ಅವರು ಒಂದು ಪ್ರಸಂಗ ಹೇಳುತ್ತಿದ್ದರು. ಒಂದು ಕಚೇರಿಯಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡುತ್ತಿತ್ತು. ಬರುತ್ತದೆ, ಹೋಗುತ್ತದೆ. ಎಲ್ಲಿಯೋ ಒಂದು ತಂತಿಯ ಜೋಡಣೆ ಸಡಿಲವಾಗಿದೆ, ಆದರೆ ಇಡೀ ಕಟ್ಟಡದಲ್ಲಿ ಎಲ್ಲಿ ಎಂದು ಹುಡುಕುವುದು? ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರು ಒಂದು ಉಪಾಯ ಮಾಡಿದರು. ಪಿಂಗ್‌ಗೆ ಉತ್ತರ ಬಂದಾಗಲೆಲ್ಲ ಕಂಪ್ಯೂಟರ್ ಪಿಂಗ್ ಎಂದು ಬಾಯಿಬಿಟ್ಟು ಹೇಳುವಂತೆ ಮಾಡಿ, ಅದನ್ನು ಸ್ಟೀರಿಯೋಗೆ ಜೋಡಿಸಿ, ತಡೆದುಕೊಳ್ಳಬಲ್ಲಷ್ಟು ಜೋರಾಗಿ ಇಟ್ಟರು. ಸೆಕೆಂಡಿಗೊಮ್ಮೆ ಪಿಂಗ್, ಪಿಂಗ್ ಎಂದು ಅದು ಕೂಗುತ್ತಿದ್ದರೆ ಅವರು ಕಟ್ಟಡದ ಒಂದೊಂದೇ ಜೋಡಣೆಯನ್ನು ಅಲುಗಾಡಿಸುತ್ತ ಹೋದರು. ಒಂದು ಕಡೆ ಅಲುಗಾಡಿಸಿದಾಗ ಕೂಗು ನಿಂತಿತು. ಕಳ್ಳ ಸಿಕ್ಕಿಬಿದ್ದ!

ಕೊಟ್ಟ ಉಪಕರಣವನ್ನು ಕೆಟ್ಟದ್ದಕ್ಕೆ ಬಳಸಿದವರೂ ಇದ್ದರು. 1990ರ ದಶಕದ ಉತ್ತರಾರ್ಧದಲ್ಲಿ ಕೆಲವರು 65,535 ಬೈಟ್‌ಗಳ ಮಿತಿಯನ್ನು ಮೀರಿದ ಎಕೋ ಸಂದೇಶ ಕಳಿಸಿ ಎದುರಿನ ಕಂಪ್ಯೂಟರ್ ಸ್ತಬ್ಧವಾಗುವಂತೆ ಮಾಡುತ್ತಿದ್ದರು. ಇದಕ್ಕೆ ಪಿಂಗ್ ಆಫ್ ಡೆತ್ ಎಂದೇ ಹೆಸರು ಬಿತ್ತು. ತಪ್ಪು ಪಿಂಗ್‌ನದಲ್ಲ, ಬಂದ ಸಂದೇಶದ ಗಾತ್ರ ಪರೀಕ್ಷಿಸದ ಆಗಿನ ಆಪರೇಟಿಂಗ್ ಸಿಸ್ಟಂಗಳದು. ಅದನ್ನು ಬೇಗನೆ ಸರಿಪಡಿಸಿದರು. ಆದರೂ ಅಪರಿಚಿತರ ಕೂಗಿಗೆ ಉತ್ತರ ಕೊಡದಂತೆ ತಡೆಯುವ ಫೈರ್‌ವಾಲ್‌ಗಳು ಇಂದು ಬಹಳ ಕಡೆ ಇವೆ.

ಪಿಂಗ್‌ನಾಚೆಯ ಮೂಸ್

ಪಿಂಗ್ ಒಂದು ರಾತ್ರಿಯ ಕೆಲಸವಾದರೆ ಮೂಸ್ ಅವರು ವರ್ಷಗಟ್ಟಲೆ ದುಡಿದ ಕೆಲಸ ಬಿಆರ್‌ಎಲ್-ಕ್ಯಾಡ್. ಟ್ಯಾಂಕ್, ವಾಹನ ಮುಂತಾದ ವಸ್ತುಗಳನ್ನು ಗೋಲ, ಸಿಲಿಂಡರ್, ಪೆಟ್ಟಿಗೆಯಂಥ ಸರಳ ಘನಾಕೃತಿಗಳನ್ನು ಕೂಡಿಸಿ ಕಳೆದು ಕಂಪ್ಯೂಟರಿನೊಳಗೆ ಕಟ್ಟುವ ತಂತ್ರಾಂಶ ಇದು. ಕಟ್ಟಿದ ಆಕೃತಿಯೊಳಗೆ ಕಿರಣವೊಂದನ್ನು ಹಾಯಿಸಿ, ಅದು ಯಾವ ಯಾವ ಭಾಗದ ಮೂಲಕ ಹೋಗುತ್ತದೆ ಎಂದು ಲೆಕ್ಕ ಹಾಕಬಹುದು. ನಿಜವಾದ ವಾಹನವನ್ನು ಒಡೆದು ನೋಡುವ ಬದಲು ಲೆಕ್ಕದಲ್ಲೇ ಪರೀಕ್ಷಿಸುವ ವಿಧಾನ. ಇದರ ಕೆಲಸ ಶುರುವಾದದ್ದು 1979ರಲ್ಲಿ. 1984ರಲ್ಲಿ ಮೊದಲ ಸಲ ಹೊರಗಿನವರಿಗೆ ಸಿಕ್ಕಿತು. ಮೂಸ್ ತೀರಿಹೋದ ಮೇಲೆ, 2004ರಲ್ಲಿ ಓಪನ್ ಸೋರ್ಸ್ ಆಯಿತು. ಈಗಲೂ ಬೆಳೆಯುತ್ತಿದೆ.

ಎರಡು ಯಂತ್ರಗಳ ನಡುವೆ ಎಷ್ಟು ವೇಗದಲ್ಲಿ ಮಾಹಿತಿ ಸಾಗುತ್ತದೆ ಎಂದು ಅಳೆಯುವ ಟಿಟಿಸಿಪಿ ಎಂಬ ಉಪಕರಣವನ್ನೂ ಅವರು ಜೊತೆಗಾರರೊಂದಿಗೆ ಬರೆದರು. ಬೇರೆಯವರ ಕಂಪ್ಯೂಟರಿಗೆ ನುಗ್ಗುವವರನ್ನು ಪತ್ತೆ ಹಚ್ಚುವುದರಲ್ಲೂ ಅವರ ಪಾತ್ರವಿತ್ತು. ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡು ಅದರ ಬೆನ್ನು ಹತ್ತಿ ನುಸುಳುಕೋರನೊಬ್ಬನನ್ನು ಹಿಡಿದ ಕಥೆ ದಿ ಕಕೂಸ್ ಎಗ್ ಎಂಬ ಪುಸ್ತಕದಲ್ಲಿದೆ. ಅದರಲ್ಲಿ ಮೂಸ್ ಅವರ ಹೆಸರೂ ಬರುತ್ತದೆ.

2000ನೇ ಇಸವಿ ನವೆಂಬರ್ 20ರಂದು ಇಂಟರ್‌ಸ್ಟೇಟ್ 95 ಹೆದ್ದಾರಿಯಲ್ಲಿ ನಡೆದ ವಾಹನ ಅಪಘಾತದಲ್ಲಿ ಮೈಕ್ ಮೂಸ್ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಅದೇ ಅಬರ್ಡೀನ್‌ನಲ್ಲಿ ಭೂಸೇನೆಯ ಸಂಶೋಧನಾಲಯದ ಹಿರಿಯ ವಿಜ್ಞಾನಿಯಾಗಿದ್ದರು. ಅವರ ಕುಟುಂಬದವರು ಮತ್ತು ಗೆಳೆಯರು ಸೇರಿ ಅವರು ಓದಿದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಶೋಧನಾ ಪ್ರಶಸ್ತಿಯೊಂದನ್ನು ಇಟ್ಟಿದ್ದಾರೆ.

ಝಡ್ ಡ್ರೈವ್ ತೆರೆಯದಿದ್ದರೆ

ಈಗ ನಮ್ಮ ಲ್ಯಾಬ್‌ಗೆ ಬರೋಣ. ಅಂದು ಸರ್ ಮಾಡಿದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ. ಯಾವ ಕಂಪ್ಯೂಟರಿನಲ್ಲಿ ಹಂಚಿಕೊಂಡ ಡ್ರೈವ್ ತೆರೆಯದಿದ್ದರೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು 127.0.0.1 ಎಂಬ ವಿಳಾಸಕ್ಕೆ ಪಿಂಗ್ ಮಾಡಿದರು. ಇದು ಪ್ರತಿಯೊಂದು ಕಂಪ್ಯೂಟರೂ ತನ್ನನ್ನು ತಾನೇ ಕರೆಯುವ ವಿಳಾಸ. ಉತ್ತರ ಬಂತು. ಅಂದರೆ ಈ ಯಂತ್ರದೊಳಗಿನ ನೆಟ್‌ವರ್ಕ್ ತಂತ್ರಾಂಶ ಸರಿ ಇದೆ. ತಪ್ಪು ಹುಡುಕುವಾಗ ಮೊದಲ ಪ್ರಶ್ನೆ ನಮಗೇ ಇರಬೇಕು ಎಂದು ಇದರ ಅರ್ಥ.

ಎರಡನೆಯದಾಗಿ ಅದೇ ಸಾಲಿನ ಪಕ್ಕದ ಕಂಪ್ಯೂಟರಿಗೆ ಪಿಂಗ್ ಮಾಡಿದರು. ನಾಲ್ಕು ಸಂದೇಶ ಹೋದವು, ನಾಲ್ಕಕ್ಕೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಉತ್ತರ ಬಂತು. ಅಂದರೆ ಈ ಯಂತ್ರದ ಕೇಬಲ್ ಸರಿ ಇದೆ, ಆ ಸಾಲಿನ ಕಂಪ್ಯೂಟರ್‌ಗಳನ್ನು ಒಂದುಗೂಡಿಸುವ ಸ್ವಿಚ್ ಪೆಟ್ಟಿಗೆಯೂ ಸರಿ ಇದೆ.

ಮೂರನೆಯದಾಗಿ ಸರ್ವರ್‌ನ ಸಂಖ್ಯೆಗೆ ಪಿಂಗ್. ಉತ್ತರವಿಲ್ಲ. ಸರ್ವರ್ ಕೆಟ್ಟಿದೆ ಎಂದು ನಾವು ಕೂಗಿದೆವು. ಸರ್ ಸುಮ್ಮನಿದ್ದು ನಾಲ್ಕನೆಯದಾಗಿ ಬಾಗಿಲ ಬದಿಯ ಸಾಲಿನ ಕಂಪ್ಯೂಟರಿಗೆ ಪಿಂಗ್ ಮಾಡಿದರು. ಅಲ್ಲಿಂದಲೂ ಉತ್ತರವಿಲ್ಲ. ಆದರೆ ಆ ಸಾಲಿನಲ್ಲಿ ಕುಳಿತವರಿಗೆ ಝಡ್ ಡ್ರೈವ್ ತೆರೆದೇ ಇತ್ತು! ಹಾಗಾದರೆ ಸರ್ವರ್ ಸರಿ ಇದೆ, ನಮ್ಮ ಸಾಲೂ ಸರಿ ಇದೆ. ಕೆಟ್ಟಿರುವುದು ನಡುವಿನ ದಾರಿ. ಕಿಟಕಿ ಸಾಲಿನ ಸ್ವಿಚ್‌ನಿಂದ ಮುಖ್ಯ ಸ್ವಿಚ್‌ಗೆ ಹೋಗುವ ಒಂದೇ ಒಂದು ಕೇಬಲ್.

ಸರ್ ಮೇಜಿನ ಕೆಳಗೆ ಬಗ್ಗಿ ಆ ಕೇಬಲ್ ಎಳೆದರು. ಗೋಡೆಯ ಮೂಲೆಯಲ್ಲಿ ಇಲಿ ಅದನ್ನು ಕಡಿದು ಎರಡು ತುಂಡು ಮಾಡಿತ್ತು. ಹೊಸ ಕೇಬಲ್ ಹಾಕಿದ ಕೂಡಲೇ ಇಡೀ ಸಾಲಿನ ಕೆಂಪು ಗುರುತು ಹೋಯಿತು.

ಪಿಂಗ್‌ಗೆ ಉತ್ತರ ಬಂದೂ ಡ್ರೈವ್ ತೆರೆಯದ ಸಂದರ್ಭಗಳೂ ಇವೆ ಎಂದು ಸರ್ ಆಮೇಲೆ ವಿವರಿಸಿದರು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ವ್ಯವಸ್ಥೆಯಲ್ಲಿ ತೊಂದರೆ. ಆಗ ಡ್ರೈವ್‌ನ ವಿಳಾಸದಲ್ಲಿ ಹೆಸರಿನ ಬದಲು ಸಂಖ್ಯೆ ಬರೆದು ನೋಡಬೇಕು. ಹೆಸರಿಗೂ ಉತ್ತರ ಬಂದರೆ ದಾರಿ ಸರಿ ಇದೆ, ಬಾಗಿಲು ಮುಚ್ಚಿದೆ ಎಂದರ್ಥ. ವಿಂಡೋಸ್‌ನಲ್ಲಿ ಹಂಚಿದ ಫೈಲುಗಳ ಬಾಗಿಲು 445 ಸಂಖ್ಯೆಯ ಪೋರ್ಟ್. ಅದನ್ನು ಫೈರ್‌ವಾಲ್ ತಡೆದಿರಬಹುದು. ಬಾಗಿಲೂ ತೆರೆದಿದ್ದರೆ ಪಾಸ್‌ವರ್ಡ್ ಬದಲಾಗಿ, ಕಂಪ್ಯೂಟರ್ ಹಳೆಯದನ್ನೇ ನೆನಪಿಟ್ಟುಕೊಂಡು ಕಳಿಸುತ್ತಿರಬಹುದು. ಇಲ್ಲವೇ ಆ ಫೋಲ್ಡರ್ ನೋಡಲು ನಿಮಗೆ ಅನುಮತಿ ಇಲ್ಲದಿರಬಹುದು. ಇನ್ನೊಂದು ಕಾರಣ ಲ್ಯಾಬ್‌ಗಳಲ್ಲಿ ತಿಳಿದಿರಬೇಕಾದದ್ದು. ಸರ್ವರ್ ಆವೃತ್ತಿಯಲ್ಲದ ಸಾಮಾನ್ಯ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಫೋಲ್ಡರ್ ಹಂಚಿದರೆ ಏಕಕಾಲಕ್ಕೆ 20 ಸಂಪರ್ಕಗಳಿಗೆ ಮಾತ್ರ ಅವಕಾಶ. 21ನೆಯವರಿಗೆ ಡ್ರೈವ್ ತೆರೆಯುವುದಿಲ್ಲ. ಅದು ಯಾರ ತಪ್ಪೂ ಅಲ್ಲ.

ಇನ್ನೊಂದು ಎಚ್ಚರಿಕೆ. ಪಿಂಗ್‌ಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಎದುರಿನ ಯಂತ್ರ ಸತ್ತಿದೆ ಎನ್ನುವಂತಿಲ್ಲ. ಫೈರ್‌ವಾಲ್ ಅದರ ಬಾಯಿ ಕಟ್ಟಿರಬಹುದು. ಅದಕ್ಕೇ ಸರ್ ಮೂರನೇ ಹಂತಕ್ಕೆ ನಿಲ್ಲದೆ ನಾಲ್ಕನೆಯದನ್ನೂ ನೋಡಿದ್ದು.

ಆ ಹುಡುಗನ ಬಳಿ ಹೋಗಿ ನಾವು ಕ್ಷಮೆ ಕೇಳಿದೆವು. ಪರವಾಗಿಲ್ಲ ಅಕ್ಕ ಎಂದ. ಆದರೆ ಸುಮಾರು ಒಂದು ಗಂಟೆ ಕಾಲ ಅವನು ಮಾಡದ ತಪ್ಪಿಗೆ ಎಲ್ಲರ ಎದುರು ತಲೆ ತಗ್ಗಿಸಿ ನಿಂತಿದ್ದ. ಆ ಒಂದು ಗಂಟೆಯನ್ನು ನಾವು ಅವನಿಗೆ ಮರಳಿಸಲಾರೆವು. ಮೌನದ ಎದುರು ನಾವು ಊಹೆ ಮಾಡಿದ್ದೆವು, ಸರ್ ಪ್ರಶ್ನೆ ಕೇಳಿದ್ದರು. ವ್ಯತ್ಯಾಸ ಅಷ್ಟೇ.

ಮೈಕ್ ಮೂಸ್ ನಮಗೆ ಬಿಟ್ಟು ಹೋದದ್ದು ಆ ಪ್ರಶ್ನೆ ಕೇಳುವ ದಾರಿಯನ್ನು. ತನಗೆ ಬಂದ ಕಷ್ಟಕ್ಕೆಂದು ಒಂದು ರಾತ್ರಿ ಬರೆದದ್ದು, ಅಂದು ಉಪಯೋಗಕ್ಕೆ ಬಾರದೇ ಹೋದದ್ದು, ಆದರೂ ಬಚ್ಚಿಡದೆ ಎಲ್ಲರಿಗೂ ಕೊಟ್ಟದ್ದು. ಸುಮಾರು ನಾಲ್ಕು ದಶಕಗಳ ನಂತರ, ಅವರ ಹೆಸರೂ ಕೇಳಿರದ ನಮ್ಮ ಲ್ಯಾಬ್‌ನಲ್ಲಿ ಅದು ಒಬ್ಬ ಹುಡುಗನ ಮೇಲಿನ ಆರೋಪವನ್ನು ತೆಗೆಯಿತು. ಮುಂದಿನ ಸಲ ಝಡ್ ಡ್ರೈವ್ ತೆರೆಯದಿದ್ದರೆ ಪಕ್ಕದವರ ಮುಖ ನೋಡುವ ಮೊದಲು ಒಮ್ಮೆ ಪಿಂಗ್ ಮಾಡಿ ನೋಡಿ.